ನಿಂತು ದುಡಿಯುವವರ ಕಾಲಡಿಯ ಮ್ಯಾಟ್: ಆರಿಸುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಿಂತೇ ಮಾಡಬೇಕಾದ ಕೆಲಸಗಳು ಬಹಳ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳಲ್ಲಿ, ಗ್ರೇಡರ್ ಯಂತ್ರದ ಬಾಯಿಗೆ ಗೋಣಿಚೀಲ ಹಿಡಿಯುವವರು, ತೂಕ ಮಾಡಿ ಚೀಲ ಹೊಲಿಯುವವರು, ಗಾರ್ಮೆಂಟ್ಸ್‌ಗಳ ಕಟಿಂಗ್, ಚೆಕಿಂಗ್ ಮತ್ತು ಇಸ್ತ್ರಿ ವಿಭಾಗದವರು, ಡೇರಿಯಲ್ಲಿ ಹಾಲಿನ ಪೊಟ್ಟಣಗಳನ್ನು ಕ್ರೇಟಿಗೆ ತುಂಬುವವರು, ಹೋಟೆಲಿನ ದೋಸೆ ಕಲ್ಲಿನ ಮುಂದೆ ಬೆಳಗಿನ ಆರರಿಂದ ಹನ್ನೊಂದರವರೆಗೆ ಕದಲದೆ ನಿಲ್ಲುವ ಭಟ್ಟರು, ಬಟ್ಟೆ ಅಂಗಡಿ ಮತ್ತು ಮೆಡಿಕಲ್ ಶಾಪ್‌ಗಳ ಕೌಂಟರಿನಲ್ಲಿರುವವರು, ಇವರೆಲ್ಲರೂ ಸಂಜೆ ಮನೆಗೆ ಹೋಗುವಾಗ ಹೇಳುವ ಮಾತು ಒಂದೇ: ಹಿಮ್ಮಡಿ ನೋಯುತ್ತದೆ, ಮೀನಖಂಡ ಹಿಡಿದುಕೊಂಡಿದೆ, ಸೊಂಟ ಬಗ್ಗುವುದಿಲ್ಲ. ಇದಕ್ಕೆ ಪರಿಹಾರವೆಂದು ಈಗ ಆಂಟಿ ಫಟೀಗ್ ಮ್ಯಾಟ್‌ಗಳು, ಅಂದರೆ ಆಯಾಸ ತಗ್ಗಿಸುವ ನೆಲಹಾಸುಗಳು, ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಯಾವುದನ್ನು ಕೊಳ್ಳಬೇಕು ಎಂಬುದನ್ನು ಬಹುತೇಕ ಮಂದಿ ಹೆಬ್ಬೆರಳಿನಲ್ಲಿ ಒತ್ತಿ ನೋಡಿ ತೀರ್ಮಾನಿಸುತ್ತಾರೆ.

ನಾನೂ ಹಾಗೆಯೇ ಮಾಡಿದ್ದೆ. ಹಾಸನದ ಒಂದು ಘಟಕದಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದಾಗ ಪ್ಯಾಕಿಂಗ್ ವಿಭಾಗಕ್ಕೆಂದು ಹತ್ತಿಯಂತೆ ಮೆತ್ತಗಿದ್ದ ಹಗುರವಾದ ಫೋಮ್ ಮ್ಯಾಟ್‌ಗಳನ್ನು ತರಿಸಿದೆ. ಮೊದಲ ವಾರ ಎಲ್ಲರೂ ಹೊಗಳಿದರು. ಐದನೆಯ ತಿಂಗಳಿಗೆ ಪಾದ ಇಡುವ ಜಾಗದಲ್ಲಿ ಮ್ಯಾಟ್ ಹಪ್ಪಳದಂತೆ ಚಪ್ಪಟೆಯಾಗಿತ್ತು, ಮೂಲೆಗಳು ಮೇಲಕ್ಕೆ ಸುರುಳಿ ಸುತ್ತಿದ್ದವು. ಚೀಲ ಹೊತ್ತು ಬರುತ್ತಿದ್ದ ಒಬ್ಬರು ಆ ಮೂಲೆಗೆ ಕಾಲು ತಗುಲಿ ಮುಗ್ಗರಿಸಿ ಬಿದ್ದರು. ಕೈಗೆ ಹಿತವೆನಿಸುವ ಮ್ಯಾಟ್ ಕಾಲಿಗೆ ಹಿತವಾಗಿರಬೇಕಾಗಿಲ್ಲ ಎಂಬುದು ಅಂದು ತಿಳಿಯಿತು. ಮೊದಲು ಕೆಲಸವನ್ನು, ಬಳಿಕ ನೆಲವನ್ನು, ಆಮೇಲೆ ಪಾದವನ್ನು ನೋಡಿ, ಅಂಗಡಿಗೆ ಕೊನೆಯಲ್ಲಿ ಹೋಗುವುದು ಸರಿಯಾದ ಕ್ರಮ. ಈ ಲೇಖನವೂ ಅದೇ ಕ್ರಮದಲ್ಲಿದೆ.

ಮೊದಲು: ಮ್ಯಾಟ್ ಬೇಕೆ, ಕುರ್ಚಿ ಬೇಕೆ?

ಕುಳಿತು ಮಾಡಬಹುದಾದ ಕೆಲಸಕ್ಕೆ ಮ್ಯಾಟ್ ತರುವುದು ಹಣ ಹಾಳು. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಗಾರ್ಬ್ಲಿಂಗ್, ಅಂದರೆ ಕಪ್ಪು ಬೀಜ ಮತ್ತು ಒಡಕು ಬೀಜಗಳನ್ನು ಕೈಯಿಂದ ಆರಿಸುವ ಕೆಲಸವನ್ನು ಹೆಣ್ಣುಮಕ್ಕಳು ಹಿಂದಿನಿಂದಲೂ ಕುಳಿತೇ ಮಾಡಿಕೊಂಡು ಬಂದಿದ್ದಾರೆ. ಬೆಲ್ಟ್ ಬಂದ ಮಾತ್ರಕ್ಕೆ ಅವರನ್ನು ನಿಲ್ಲಿಸಬೇಕಾದ ಅಗತ್ಯವಿಲ್ಲ, ಬೆಲ್ಟಿನ ಎತ್ತರಕ್ಕೆ ಹೊಂದುವ ಸ್ಟೂಲು ಕೊಟ್ಟರೆ ಸಾಕು. ಕಾನೂನು ಹೇಳುವುದೂ ಇದನ್ನೇ. ನಿಂತು ಕೆಲಸ ಮಾಡಬೇಕಾದವರಿಗೆ, ಕೆಲಸದ ನಡುವೆ ಸಿಗುವ ಬಿಡುವಿನಲ್ಲಿ ಕುಳಿತುಕೊಳ್ಳಲು ತಕ್ಕ ಆಸನ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ವಿಧಿಸಿತ್ತು. ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕುರಿತ 2020ರ ಸಂಹಿತೆಯೂ ಆಸನ ವ್ಯವಸ್ಥೆಯನ್ನು ಕಲ್ಯಾಣ ಸೌಲಭ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಮ್ಯಾಟ್ ಹಾಕಿಸಿದ್ದೇವಲ್ಲ, ಇನ್ನು ಸ್ಟೂಲು ಏಕೆ ಎಂದು ಕೇಳುವ ಮಾಲೀಕರನ್ನು ನಾನು ಕಂಡಿದ್ದೇನೆ. ಎರಡೂ ಬೇಕು, ಮತ್ತು ಸ್ಟೂಲು ಮೊದಲು ಬೇಕು.

ಉಳಿದ ಜಾಗಗಳನ್ನು ಗುರುತಿಸಲು ಒಂದು ಸೀಮೆಸುಣ್ಣ ಮತ್ತು ಒಂದು ಇಡೀ ಪಾಳಿಯ ಸಮಯ ಬೇಕು. ಪ್ರತಿಯೊಬ್ಬ ಕೆಲಸಗಾರರು ಎಲ್ಲಿ ನಿಲ್ಲುತ್ತಾರೆ, ಎತ್ತ ತಿರುಗುತ್ತಾರೆ, ಎಷ್ಟು ಹೆಜ್ಜೆ ಇಡುತ್ತಾರೆ ಎಂಬುದನ್ನು ನೋಡುತ್ತಾ ನೆಲದ ಮೇಲೆ ಗೆರೆ ಎಳೆಯಬೇಕು. ಒಂದೆರಡು ಹೆಜ್ಜೆಯ ಅಂತರದಲ್ಲೇ ಗಂಟೆಗಟ್ಟಲೆ ನಿಲ್ಲುವವರಿಗೆ ಮ್ಯಾಟಿನಿಂದ ಪ್ರಯೋಜನ ಹೆಚ್ಚು. ಇಡೀ ಹಾಲ್ ಓಡಾಡುವ ಸೂಪರ್‌ವೈಸರ್‌ಗೆ, ಹೋಟೆಲಿನ ಸಪ್ಲೈಯರ್‌ಗೆ, ಚೀಲ ಹೊರುವ ಹಮಾಲರಿಗೆ ಮ್ಯಾಟ್ ಉಪಯೋಗವಿಲ್ಲ. ಅವರಿಗೆ ಒಳ್ಳೆಯ ಅಟ್ಟೆಯ ಶೂ ಕೊಡಿಸುವುದು ಸರಿ. ಹಮಾಲರು ನಡೆಯುವ ದಾರಿಯಲ್ಲಿ ಮ್ಯಾಟ್ ಹಾಸುವುದು ಅಪಾಯ ಕೂಡ, ಏಕೆಂದರೆ ತಲೆಯ ಮೇಲೆ 50 ಕೆ.ಜಿ. ಚೀಲ ಹೊತ್ತವರಿಗೆ ಕಾಲ ಕೆಳಗಿನ ಅಂಚು ಕಾಣುವುದಿಲ್ಲ.

ಮ್ಯಾಟ್ ಮಾಡುವ ಕೆಲಸ ಏನು?

ಇದನ್ನು ತಿಳಿದುಕೊಳ್ಳದೆ ಆರಿಸಲು ಹೊರಟರೆ ಮತ್ತೆ ಹೆಬ್ಬೆರಳಿನ ಪರೀಕ್ಷೆಗೇ ಬಂದು ನಿಲ್ಲುತ್ತೇವೆ. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಗ್ಗಿ ಕುಗ್ಗಿ, ಕಾಲಿನ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ತಳ್ಳುತ್ತವೆ. ಕದಲದೆ ನಿಂತಾಗ ಅದೇ ಸ್ನಾಯುಗಳು ದೇಹವನ್ನು ನೆಟ್ಟಗೆ ಹಿಡಿಯಲು ಬಿಗಿದುಕೊಂಡೇ ಇರುತ್ತವೆ. ರಕ್ತ ಮೇಲೇರುವುದು ನಿಧಾನವಾಗುತ್ತದೆ, ಪಾದ ಮತ್ತು ಕಣಕಾಲಿನಲ್ಲಿ ನೀರು ತುಂಬಿ ಬಾವು ಬರುತ್ತದೆ, ವರ್ಷಗಟ್ಟಲೆ ಹೀಗೆಯೇ ನಡೆದರೆ ಕಾಲಿನ ರಕ್ತನಾಳಗಳು ಗಂಟುಗಟ್ಟಿ ಉಬ್ಬಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ತುಸು ಬಗ್ಗುವ, ಬಗ್ಗಿ ಮತ್ತೆ ಎದ್ದು ನಿಲ್ಲುವ ಮೇಲ್ಮೈ ಕಾಲಡಿಗಿದ್ದರೆ ದೇಹ ತನಗೆ ಅರಿವಿಲ್ಲದೆಯೇ ಸಣ್ಣಸಣ್ಣ ಹೊಂದಾಣಿಕೆಗಳನ್ನು ಮಾಡಿಕೊಳ್ಳುತ್ತಿರುತ್ತದೆ, ಸ್ನಾಯುಗಳು ಒಂದೇ ಬಿಗಿತದಲ್ಲಿ ಉಳಿಯುವುದಿಲ್ಲ. ಮ್ಯಾಟಿನ ಉದ್ದೇಶ ಇಷ್ಟೇ. ಈಗಾಗಲೇ ಇರುವ ಮಂಡಿನೋವನ್ನಾಗಲಿ ಉಬ್ಬಿದ ರಕ್ತನಾಳವನ್ನಾಗಲಿ ಅದು ವಾಸಿ ಮಾಡುವುದಿಲ್ಲ.

ಹಾಗಿದ್ದರೆ ಮೆತ್ತಗಿದ್ದಷ್ಟೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ. ಮಳೆಗಾಲದಲ್ಲಿ ಉತ್ತ ಗದ್ದೆಯ ಬದುವಿನಿಂದ ಕೆಸರಿಗೆ ಇಳಿದು ನಿಂತವರಿಗೆ ಇದರ ಉತ್ತರ ಗೊತ್ತಿರುತ್ತದೆ: ಮೆದು ನೆಲದಲ್ಲಿ ಸಮತೋಲ ಹಿಡಿಯಲು ಕಾಲು ಇನ್ನಷ್ಟು ದುಡಿಯಬೇಕು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರನ್ನು ಏಳು ಬಗೆಯ ನೆಲಗಳ ಮೇಲೆ ನಾಲ್ಕು ಗಂಟೆಗಳ ಕಾಲ ನಿಲ್ಲಿಸಿ ನೋಡಲಾಯಿತು. ಅದರಲ್ಲಿ ಎರಡು ಸಂಗತಿಗಳು ನಮಗೆ ಮುಖ್ಯ. ಒಂದು, ನೆಲದಿಂದ ನೆಲಕ್ಕೆ ಇದ್ದ ವ್ಯತ್ಯಾಸ ಎದ್ದು ಕಂಡದ್ದು ಮೂರನೆಯ ಗಂಟೆಯಿಂದೀಚೆಗೆ. ಎರಡು, ಹೆಚ್ಚು ಆರಾಮ ಕೊಟ್ಟದ್ದು ತುಳಿದಾಗ ಬಲವನ್ನೆಲ್ಲ ಹೀರಿಕೊಂಡು ಕುಸಿಯುವ ಹಾಸಲ್ಲ. ತಕ್ಕಮಟ್ಟಿಗೆ ಬಿಗಿಯಾಗಿದ್ದು, ಒತ್ತಿದಷ್ಟೇ ಬೇಗ ಪುಟಿದೇಳುವ ಹಾಸು. ಅಂಗಡಿಯಲ್ಲಿ ಐದು ನಿಮಿಷ ನಿಂತು ನೋಡಿ ಮ್ಯಾಟ್ ಆರಿಸುವುದರ ಬೆಲೆ ಏನೆಂಬುದು ಮೊದಲನೆಯ ಸಂಗತಿಯಿಂದಲೇ ತಿಳಿಯುತ್ತದೆ.

ನೆಲದ ಲೆಕ್ಕ

ಕೆಲಸದ ಜಾಗ ಗುರುತಾದ ಮೇಲೆ, ಆ ಜಾಗದಲ್ಲಿ ನೆಲಕ್ಕೆ ಏನೇನು ಬೀಳುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು: ನೀರು, ಎಣ್ಣೆ, ದೂಳು, ಬಿಸಿ ಲೋಹ, ತೊಳೆಯುವ ರಾಸಾಯನಿಕ. ಮ್ಯಾಟಿನ ವಸ್ತುವನ್ನು ನಿರ್ಧರಿಸುವುದು ಈ ಪಟ್ಟಿಯೇ ಹೊರತು ಕ್ಯಾಟಲಾಗಿನ ಬಣ್ಣದ ಚಿತ್ರವಲ್ಲ.

ದೂಳು ಮಾತ್ರ ಇರುವ ಒಣ ಜಾಗಗಳು, ಅಂದರೆ ಗಾರ್ಮೆಂಟ್ಸ್‌ನ ಚೆಕಿಂಗ್ ಮೇಜು, ಅಂಗಡಿಯ ಕೌಂಟರ್, ಬ್ಯಾಂಕಿನ ಕ್ಯಾಶ್ ಕೌಂಟರ್, ಇವುಗಳ ವಿಷಯ ಸುಲಭ. ಮೇಲ್ಮೈ ಮುಚ್ಚಿದ, ಪೊರಕೆಯಿಂದ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ವಿನೈಲ್ ಅಥವಾ ಪಾಲಿಯುರಿಥೇನ್ ಮ್ಯಾಟ್ ಸಾಕು. ಬಟ್ಟೆಯ ಕೆಲಸವಿರುವಲ್ಲಿ ಆಳವಾದ ಗೀರುಗಳಿರುವ ಮೇಲ್ಮೈ ಬೇಡ, ಅದರೊಳಗೆ ನೂಲಿನ ಎಳೆ ಮತ್ತು ಮುರಿದ ಸೂಜಿಯ ಚೂರು ಸಿಕ್ಕಿಕೊಳ್ಳುತ್ತವೆ. ಬೇಕರಿಯಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. (ಊರೂರಿನ ಅಯ್ಯಂಗಾರ್ ಬೇಕರಿಗಳ ಮೂಲ ಹಾಸನ ಜಿಲ್ಲೆಯೇ ಆದ್ದರಿಂದ ಬೇಕರಿಯವರ ಕಾಲಿನ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳುವ ಹಕ್ಕು ನಮಗಿದೆ.) ನುಣುಪಾದ ವಿನೈಲ್ ಮೇಲೆ ಮೈದಾ ಬಿದ್ದರೆ ಜಾರುತ್ತದೆ, ಅವೆನ್ನಿನಿಂದ ಹೊರಬಂದ ಟ್ರೇ ಕೈತಪ್ಪಿ ಬಿದ್ದರೆ ಅಗ್ಗದ ಫೋಮ್ ಕರಗಿ ಗುಳಿಯಾಗುತ್ತದೆ, ಅವೆನ್ ಮುಂದೆ ರಬ್ಬರನ್ನೇ ಹಾಕಬೇಕು, ಹಿಟ್ಟು ನಾದುವ ಮೇಜಿನ ಕೆಳಗೆ ತರಿತರಿಯಾದ ಮೇಲ್ಮೈ ಇರಬೇಕು.

ಒದ್ದೆ ಜಾಗಗಳಿಗೆ, ಅಂದರೆ ಡೇರಿ, ಪಾತ್ರೆ ತೊಳೆಯುವ ಜಾಗ, ಹೋಟೆಲಿನ ಅಡುಗೆಮನೆ, ಇವುಗಳಿಗೆ ನೀರು ಇಳಿದು ಹೋಗುವ ತೂತುಗಳಿರುವ, ಕೆಳಗೆ ಗುಬುಟುಗಳ ಮೇಲೆ ನಿಂತಿರುವ ಮ್ಯಾಟ್ ಬೇಕು. ತೂತಿಲ್ಲದ ಮ್ಯಾಟ್ ಹಾಕಿದರೆ ನೀರು ಅದರ ಮೇಲೆ ನಿಲ್ಲುತ್ತದೆ, ಇಲ್ಲವೇ ಅಡಿಗೆ ಸೇರಿ ಮ್ಯಾಟನ್ನೇ ಜಾರಿಸುತ್ತದೆ. ಎಣ್ಣೆ ಬೀಳುವಲ್ಲಿ ಸಾಮಾನ್ಯ ರಬ್ಬರ್ ಬೇಡ. ಅಡುಗೆ ಎಣ್ಣೆ, ಬೆಣ್ಣೆ, ಯಂತ್ರದ ಆಯಿಲ್ ತಗುಲಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗಿ ಹರಿಯುತ್ತದೆ. ಅಲ್ಲಿಗೆ ನೈಟ್ರೈಲ್ ರಬ್ಬರ್ ಎಂದು ಹೆಸರು ಹಿಡಿದೇ ಕೇಳಬೇಕು. ದೋಸೆ ಕಲ್ಲಿನ ಮುಂದೆ ಹಾಕುವ ತೂತಿನ ಮ್ಯಾಟ್‌ಗಳಲ್ಲಿ ಹಿಟ್ಟು ಸಿಕ್ಕಿ ಹುಳಿಯುವುದರಿಂದ ಪ್ರತಿ ರಾತ್ರಿ ಎತ್ತಿ ತೊಳೆಯದೆ ಗತಿಯಿಲ್ಲ. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಾವಳಿಯ 4ನೇ ಪರಿಶಿಷ್ಟವೂ ಅಡುಗೆಮನೆಯ ನೆಲ ಸುಲಭವಾಗಿ ಶುಚಿಗೊಳಿಸುವಂತಿರಬೇಕೆಂದು ಕೇಳುತ್ತದೆ. ಆದ್ದರಿಂದ ಒಬ್ಬರೇ ಎತ್ತಿ ಗೋಡೆಗೆ ಒರಗಿಸಬಹುದಾದ ತೂಕದ ಸಣ್ಣ ತುಂಡುಗಳನ್ನು ಕೊಳ್ಳಿ. ಎಂಟು ಅಡಿ ಉದ್ದದ ಒಂದೇ ಮ್ಯಾಟ್ ಕೊಂಡರೆ ಅದನ್ನು ಎತ್ತುವುದು ದೀಪಾವಳಿಗೊಮ್ಮೆ.

ಡೇರಿಗಳಲ್ಲಿ ಪೈಪು ಮತ್ತು ಟ್ಯಾಂಕುಗಳನ್ನು ಕಾಸ್ಟಿಕ್ ಸೋಡಾ ಹಾಗೂ ಆಸಿಡ್‌ನಿಂದ ತೊಳೆಯುತ್ತಾರೆ. ಎಲ್ಲ ರಬ್ಬರುಗಳೂ ಎಲ್ಲವನ್ನೂ ತಡೆಯುವುದಿಲ್ಲವಾದ್ದರಿಂದ, ತಾವು ಬಳಸುವ ರಾಸಾಯನಿಕದ ಹೆಸರು ಮತ್ತು ಪ್ರಮಾಣವನ್ನು ಮಾರಾಟಗಾರರಿಗೆ ಬರೆದು ಕಳುಹಿಸಿ, ಈ ಮ್ಯಾಟ್ ಅದನ್ನು ತಡೆಯುತ್ತದೆ ಎಂದು ಅವರಿಂದಲೂ ಬರಹದಲ್ಲೇ ಪಡೆಯಬೇಕು. ವೆಲ್ಡಿಂಗ್ ಮಾಡುವ ವರ್ಕ್‌ಶಾಪಿನವರು ಕಿಡಿ ತಡೆಯುವ ರಬ್ಬರ್ ಮ್ಯಾಟನ್ನೇ ಕೇಳಬೇಕು. ಫೋಮ್ ಮ್ಯಾಟ್ ಅಲ್ಲಿ ಒಂದು ವಾರ ಬಾಳುವುದಿಲ್ಲ.

ಕಾಫಿಯವರು ಗಮನಿಸಬೇಕಾದ ಒಂದು ಮಾತು

ಮ್ಯಾಟ್ ಮಾರುವ ಯಾವ ಕ್ಯಾಟಲಾಗಿನಲ್ಲೂ ಇದನ್ನು ನಾನು ಕಂಡಿಲ್ಲ, ಆದರೆ ನಮ್ಮ ಭಾಗಕ್ಕೆ ಇದು ಬಹಳ ಮುಖ್ಯ. ಹಸಿರು ಕಾಫಿ ಬೀಜ, ಅಂದರೆ ಇನ್ನೂ ಹುರಿಯದ ಬೀಜ, ಗಾಳಿಯಲ್ಲಿರುವ ತೇವವನ್ನು ಹೀರುವಂತೆಯೇ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಸೀಮೆಎಣ್ಣೆ, ಗೊಬ್ಬರ, ಔಷಧಿಗಳನ್ನು ಕಾಫಿ ಗೋದಾಮಿನಲ್ಲಿ ಇಡಬಾರದೆಂದು ತೋಟದ ರೈಟರಿಗೂ ಗೊತ್ತು. ಹೊಸ ರಬ್ಬರ್ ಮ್ಯಾಟಿನ ವಾಸನೆ, ಅದರಲ್ಲೂ ಹಳೆಯ ಟೈರುಗಳ ಪುಡಿಯಿಂದ ಮಾಡಿದ ಅಗ್ಗದ ಮ್ಯಾಟಿನ ವಾಸನೆ, ಮುಚ್ಚಿದ ಗೋದಾಮಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಹೊಸ ಮ್ಯಾಟ್‌ಗಳನ್ನು ಕಾಫಿಯಿಲ್ಲದ ಶೆಡ್ಡಿನಲ್ಲಿ, ನೆರಳಿನಲ್ಲಿ, ಗಾಳಿಯಾಡುವಂತೆ ಹರಡಿ, ವಾಸನೆ ಪೂರ್ತಿ ಹೋದ ಮೇಲಷ್ಟೇ ಒಳಗೆ ತರಬೇಕು. ಹತ್ತು ಹದಿನೈದು ದಿನಗಳಾದರೂ ವಾಸನೆ ಹೋಗದಿದ್ದರೆ ಆ ಮ್ಯಾಟ್ ಕ್ಯೂರಿಂಗ್ ವರ್ಕ್ಸ್‌ಗೆ ತಕ್ಕದ್ದಲ್ಲ. ಕಪ್ ಟೇಸ್ಟಿಂಗ್ ಕೋಣೆಗೆ ಅಂಥ ಮ್ಯಾಟ್ ಹಾಕಿದರೆ ಏನಾಗುತ್ತದೆಂದು ರುಚಿ ನೋಡುವವರೇ ಹೇಳುತ್ತಾರೆ.

ಮ್ಯಾಟಿನಂತೆ ಕಾಣುವ, ಆದರೆ ಬೇರೆಯದೇ ಆದ ಎರಡು ವಸ್ತುಗಳು

ಹಾಸನದ ಪೇಟೆಯಲ್ಲಿ ರಬ್ಬರ್ ಮ್ಯಾಟ್ ಎಂದು ಕೇಳಿದರೆ ಮೊದಲು ತೋರಿಸುವುದು ಹಸುವಿನ ಮ್ಯಾಟ್. ಹೈನುಗಾರಿಕೆಯ ಜಿಲ್ಲೆಯಾದ್ದರಿಂದ ಇದು ಸಹಜ, ಬೆಲೆಯೂ ಕೈಗೆಟಕುವಂತಿದೆ; ಅನೇಕ ಗ್ಯಾರೇಜು ಮತ್ತು ವರ್ಕ್‌ಶಾಪುಗಳಲ್ಲಿ ಇವನ್ನೇ ಹಾಸಿದ್ದಾರೆ. ಗೊರಸಿನ ಏಟಿಗೆ ಹರಿಯದಂತೆ ಗಟ್ಟಿಯಾಗಿ ಮಾಡಿದ ಈ ಹಾಸು, ಕೆಲವು ನೂರು ಕಿಲೋ ತೂಗುವ ಹಸುವಿಗೆ ಮೆತ್ತಗಿದ್ದರೂ 55 ಕಿಲೋ ತೂಗುವ ಮನುಷ್ಯರ ಕಾಲಿಗೆ ಬಗ್ಗುವುದೇ ಇಲ್ಲ. ಸುಮಾರು 1,000 ಮೀಟರ್ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಸಿಮೆಂಟು ನೆಲದ ಥಂಡಿ ಕಾಲಿಗೆ ಏರದಂತೆ ಅದು ತಡೆಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಆಯಾಸ ತಗ್ಗಿಸುವ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರವಿರುವುದರಿಂದ ಅಡಿ ತೊಳೆಯುವುದೂ ಕಷ್ಟ.

ಎರಡನೆಯದು ವಿದ್ಯುತ್ ಪ್ಯಾನೆಲ್ ಮುಂದೆ ಹಾಸುವ ಇನ್ಸುಲೇಟಿಂಗ್ ಮ್ಯಾಟ್. ಇದು ಐಎಸ್ 15652 ಎಂಬ ಭಾರತೀಯ ಮಾನಕಕ್ಕೆ ಒಳಪಟ್ಟದ್ದು, ದಪ್ಪ 2ರಿಂದ 3 ಮಿ.ಮೀ. ಮಾತ್ರ, ಕೆಲಸ ಶಾಕ್ ತಡೆಯುವುದು. ಅದರ ಮೇಲೆ ನಿಂತರೆ ಕಾಲಿಗೆ ಯಾವ ಆರಾಮವೂ ಇಲ್ಲ. ಇದಕ್ಕಿಂತ ಅಪಾಯಕಾರಿ ಅದಲುಬದಲು ಇನ್ನೊಂದಿದೆ: ದಪ್ಪ ರಬ್ಬರ್ ತಾನೆ ಎಂದು ಆಯಾಸ ತಗ್ಗಿಸುವ ಮ್ಯಾಟನ್ನು ಪ್ಯಾನೆಲ್ ಮುಂದೆ ಹಾಕುವುದು. ಕಪ್ಪು ರಬ್ಬರಿನಲ್ಲಿ ಬೆರೆಸುವ ಕಾರ್ಬನ್ನಿನಿಂದ ಅದು ಸ್ವಲ್ಪಮಟ್ಟಿಗೆ ವಿದ್ಯುತ್ ಹರಿಸಬಲ್ಲದು. ಐಎಸ್ ಗುರುತಿಲ್ಲದ ಯಾವುದನ್ನೂ ಪ್ಯಾನೆಲ್ ಮುಂದೆ ಹಾಸಕೂಡದು.

ದಪ್ಪ, ಬಿಗಿತ ಮತ್ತು ನೀವೇ ಮಾಡಬಹುದಾದ ಪರೀಕ್ಷೆಗಳು

ನಿಂತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ದಪ್ಪದ ಮ್ಯಾಟ್‌ಗಳು ಬಳಕೆಯಲ್ಲಿವೆ. ದಪ್ಪ ಹೆಚ್ಚಿದಷ್ಟೂ ಗುಣ ಹೆಚ್ಚು ಎಂದು ತಿಳಿಯಬೇಡಿ, 12 ಮಿ.ಮೀ.ನ ಒಳ್ಳೆಯ ಪಾಲಿಯುರಿಥೇನ್ 20 ಮಿ.ಮೀ.ನ ಕೆಟ್ಟ ಫೋಮಿಗಿಂತ ಎಷ್ಟೋ ಮೇಲು. ಫೋಮ್‌ಗಳಲ್ಲಿ ಇವಿಎ ಎಂಬುದು ಹಗುರ ಮತ್ತು ಅಗ್ಗ, ಆದರೆ ಬೇಗ ಕುಗ್ಗಿ ಮತ್ತೆ ಏಳುವುದಿಲ್ಲ. ನಾನು ಮೋಸಹೋದದ್ದು ಇದರಲ್ಲೇ. ದಿನಕ್ಕೆ ಒಂದೆರಡು ಗಂಟೆ ನಿಲ್ಲುವ ಅಂಗಡಿ ಕೌಂಟರಿಗೆ ಅದು ನಡೆದೀತು. ಎರಡು ಪಾಳಿ ನಡೆಯುವ ಕಾರ್ಖಾನೆಗೆ ಸಲ್ಲದು.

ಮಾರಾಟಗಾರರಿಂದ ಅಂಗೈ ಅಗಲದ ಮಾದರಿ ತುಂಡುಗಳನ್ನು ಕೇಳಿ ಪಡೆದು ಮೂರು ಪರೀಕ್ಷೆಗಳನ್ನು ಮಾಡಿ ನೋಡಬೇಕು. ಇವುಗಳಿಗೆ ಒಂದು ಸ್ಕೇಲು, ಒಂದು ಬಕೆಟ್ಟು, ತಕ್ಕಡಿ ಮತ್ತು 20 ಕೆ.ಜಿ. ತೂಕದ ಏನಾದರೊಂದು ವಸ್ತು ಸಾಕು.

ಮೊದಲನೆಯದು ಕುಗ್ಗುವ ಪರೀಕ್ಷೆ. ತುಂಡಿನ ದಪ್ಪ ಅಳೆದು, ಅದರ ನಡುವೆ ಬೆಂಕಿಪೊಟ್ಟಣದಷ್ಟು ಅಗಲದ ಮರದ ತುಂಡಿಟ್ಟು, ಅದರ ಮೇಲೆ ತೂಕ ಹೇರಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತೂಕ ತೆಗೆದು ಒಂದು ಗಂಟೆಯ ಬಳಿಕ ಮತ್ತೆ ಅಳೆಯಿರಿ. ಗುಳಿ ಹಾಗೆಯೇ ಉಳಿದಿದ್ದರೆ ಆ ಮ್ಯಾಟನ್ನು ಬಿಟ್ಟುಬಿಡಿ. ಎರಡನೆಯದು ನೀರಿನ ಪರೀಕ್ಷೆ: ತುಂಡನ್ನು ತೂಗಿ, ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಹೊರಮೈ ಒರೆಸಿ ಮತ್ತೆ ತೂಗಿದಾಗ ತೂಕ ಎದ್ದು ಕಾಣುವಷ್ಟು ಏರಿದ್ದರೆ ಅದರೊಳಗಿನ ಗುಳ್ಳೆಗಳು ಬಾಯ್ತೆರೆದಿವೆ ಎಂದರ್ಥ, ಅಂಥದ್ದು ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಬೂಷ್ಟು ಹಿಡಿಯದೆ ಉಳಿಯದು. ಮೂರನೆಯದಾಗಿ, ನಿಮ್ಮ ನೆಲಕ್ಕೆ ನಿಜವಾಗಿ ಏನು ಬೀಳುತ್ತದೆಯೋ ಅದನ್ನೇ, ಎಣ್ಣೆಯಾದರೆ ಎಣ್ಣೆ, ಸೋಪಿನ ನೀರಾದರೆ ಸೋಪಿನ ನೀರು, ತುಂಡಿಗೆ ಸವರಿ ಎರಡು ದಿನ ಬಿಟ್ಟು ಉಬ್ಬಿದೆಯೆ, ಅಂಟಾಗಿದೆಯೆ ಎಂದು ನೋಡಿ, ಬಳಿಕ ಅದರ ಮೇಲೆ ಚಪ್ಪಲಿ ಉಜ್ಜಿ ಜಾರುತ್ತದೆಯೆ ಎಂದು ಪರೀಕ್ಷಿಸಿ.

ಪಾದ, ಪಾದರಕ್ಷೆ, ಮೇಜಿನ ಎತ್ತರ

ಮ್ಯಾಟ್ ತಯಾರಕರು ಹೇಳುವುದೆಲ್ಲವೂ ಶೂ ತೊಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮಲ್ಲಿ ಅಡುಗೆಮನೆಯವರು ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಇರುತ್ತಾರೆ, ಎಷ್ಟೋ ಗಾರ್ಮೆಂಟ್ಸ್‌ಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಬರಿಗಾಲಿಗೆ ಮರಳುಕಾಗದದಂಥ ತರಿ ಮೇಲ್ಮೈಯಾಗಲಿ, ದೊಡ್ಡ ತೂತುಗಳ ಅಂಚಾಗಲಿ ಚುಚ್ಚುತ್ತದೆ. ಅವರಿಗೆ ಸಣ್ಣ ಗುಳ್ಳೆಗಳ ವಿನ್ಯಾಸವಿರುವ ಮೇಲ್ಮೈ ಆಗಬೇಕು. ದಪ್ಪ ಗಮ್‌ಬೂಟ್ ಹಾಕುವ ಡೇರಿಯವರಿಗೆ ತರಿ ಮೇಲ್ಮೈಯೇ ಸರಿ. ಯಾವ ಮಾದರಿಯನ್ನಾದರೂ ಕೆಲಸಗಾರರು ದಿನವೂ ತೊಡುವ ಪಾದರಕ್ಷೆಯಲ್ಲೇ ನಿಂತು ನೋಡಬೇಕು, ಆಫೀಸಿನ ಶೂ ಹಾಕಿದ ಮ್ಯಾನೇಜರ್ ನಿಂತು ನೋಡುವುದಲ್ಲ.

ಮ್ಯಾಟ್ ಹಾಸಿದಾಗ ಮನುಷ್ಯ 15 ಮಿ.ಮೀ. ಮೇಲೇರುತ್ತಾನೆ, ಮೇಜು ಏರುವುದಿಲ್ಲ. ಹಗುರವಾದ ಕೈಕೆಲಸಕ್ಕೆ ಮೇಜು ಮೊಣಕೈಗಿಂತ 5ರಿಂದ 10 ಸೆಂ.ಮೀ. ಕೆಳಗಿರಬೇಕು, ಸೂಕ್ಷ್ಮ ಕೆಲಸಕ್ಕೆ ಮೊಣಕೈಗಿಂತ ಸುಮಾರು 5 ಸೆಂ.ಮೀ. ಮೇಲಿರಬೇಕು ಎಂಬುದು ಒಪ್ಪಿತ ಅಳತೆ. ಈಗಾಗಲೇ ತಗ್ಗಾಗಿರುವ ಮೇಜಿನ ಮುಂದೆ ದಪ್ಪ ಮ್ಯಾಟ್ ಹಾಕಿದರೆ ಕಾಲುನೋವು ಹೋಗಿ ಬೆನ್ನುನೋವು ಬರುತ್ತದೆ. ಮೇಜಿನ ಕಾಲುಗಳಿಗೆ ಮರದ ತುಂಡು ಕೊಟ್ಟು ಏರಿಸುವುದು ಸಣ್ಣ ಕೆಲಸ, ಆದರೆ ಅದನ್ನು ಮ್ಯಾಟ್ ಬರುವ ಮುನ್ನವೇ ಯೋಚಿಸಿರಬೇಕು. ಇಸ್ತ್ರಿ ಮೇಜಿನ ವ್ಯಾಕ್ಯೂಮ್ ಪೆಡಲ್, ಚೀಲ ಹೊಲಿಯುವ ಯಂತ್ರದ ಪೆಡಲ್ ಇವುಗಳಲ್ಲಿ ತೊಂದರೆ ಇನ್ನೂ ಹೆಚ್ಚು: ಹಿಮ್ಮಡಿ ಮ್ಯಾಟ್ ಮೇಲೆ, ಬೆರಳು ಕೆಳಗಿನ ಪೆಡಲ್ ಮೇಲೆ ಆದರೆ ಕಣಕಾಲು ದಿನವಿಡೀ ಓರೆಯಾಗಿರುತ್ತದೆ. ಪೆಡಲನ್ನೂ ಮ್ಯಾಟಿನ ಮಟ್ಟಕ್ಕೆ ಏರಿಸಿ ಭದ್ರವಾಗಿ ಕೂರಿಸಬೇಕು, ಅದು ಆಗದ ಕಡೆ ಮ್ಯಾಟ್ ಹಾಕದಿರುವುದೇ ಲೇಸು.

ಉದ್ದಗಲದ ಅಳತೆ ಸೀಮೆಸುಣ್ಣದ ಗೆರೆಯಿಂದ ಬರುತ್ತದೆ. ಕೆಲಸಗಾರರ ಎರಡೂ ಪಾದಗಳು ಯಾವ ಹೊತ್ತಿನಲ್ಲೂ ಮ್ಯಾಟಿನ ಒಳಗೇ ಇರಬೇಕು. ಒಂದು ಪಾದ ಮ್ಯಾಟ್ ಮೇಲೆ, ಒಂದು ನೆಲದ ಮೇಲೆ ಇದ್ದರೆ ಸೊಂಟ ಓರೆಯಾಗುತ್ತದೆ. ಅಂಚು ಇಳಿಜಾರಾಗಿ ನೆಲಕ್ಕೆ ಸೇರಿರಬೇಕು, ಮೇಲಾಗಿ ಹಳದಿ ಬಣ್ಣದ್ದಿರಬೇಕು. ಕಾವಿ ನೆಲವಿರುವ ಹಳೆಯ ಕಟ್ಟಡಗಳಲ್ಲಿ ಕಂದು ಮ್ಯಾಟ್ ಕಣ್ಣಿಗೇ ಬೀಳುವುದಿಲ್ಲ. ಟ್ರಾಲಿ ಹಾಯುವ ದಾರಿಗೆ ಮ್ಯಾಟ್ ಅಡ್ಡ ಬರಬಾರದು, ಮೆತ್ತನೆಯ ಹಾಸಿನ ಮೇಲೆ ಟ್ರಾಲಿ ತಳ್ಳಲು ಹೆಚ್ಚು ಬಲ ಬೇಕು.

ಪ್ರಯೋಗ: ಎರಡು ವಾರ, ಮೂರನೆಯ ಗಂಟೆ

ಎಲ್ಲ ಪರೀಕ್ಷೆಗಳಲ್ಲೂ ಗೆದ್ದ ಎರಡು ಬಗೆಯ ಮ್ಯಾಟ್‌ಗಳನ್ನು ಒಂದೊಂದೇ ತರಿಸಿ, ಒಂದೇ ಬಗೆಯ ಕೆಲಸ ಮಾಡುವ ಇಬ್ಬರಿಗೆ ಹಾಕಿ, ವಾರದ ಬಳಿಕ ಅದಲುಬದಲು ಮಾಡಿ. ದೊಡ್ಡ ಆರ್ಡರ್ ಸಿಗುವುದೆಂದರೆ ಮಾರಾಟಗಾರರು ಇದಕ್ಕೆ ಒಪ್ಪುತ್ತಾರೆ. ಕೇಳುವ ಹೊತ್ತು ಮುಖ್ಯ. ಬೆಳಗ್ಗೆ ಬಂದ ಕೂಡಲೇ ಕೇಳಿದರೆ ಮೆತ್ತಗಿರುವುದೇ ಚೆನ್ನಾಗಿದೆ ಎನ್ನುತ್ತಾರೆ. ಪಾಳಿಯ ಮೂರನೆಯ ಗಂಟೆ ಮುಗಿದ ಮೇಲೆ ಒಮ್ಮೆ, ಪಾಳಿ ಬಿಡುವಾಗ ಇನ್ನೊಮ್ಮೆ ಕೇಳಬೇಕು. ಚೆನ್ನಾಗಿದೆಯೇ ಎಂದು ಕೇಳುವುದೂ ಉಪಯೋಗವಿಲ್ಲ. ಪಾದ, ಮೀನಖಂಡ, ಮಂಡಿ, ಸೊಂಟ, ಇವುಗಳಲ್ಲಿ ಎಲ್ಲಿ ನೋವಿದೆ, ಹೋದ ವಾರಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದರೆ ಹೆಣ್ಣುಮಕ್ಕಳು ಎಲ್ಲಕ್ಕೂ ‘ಪರವಾಗಿಲ್ಲ ಸಾರ್’ ಎಂದುಬಿಡುತ್ತಾರೆ. ಹಿರಿಯ ಕೆಲಸಗಾರ್ತಿಯೊಬ್ಬರನ್ನು, ‘ಅಕ್ಕ, ನೀವೇ ಎಲ್ಲರನ್ನೂ ಕೇಳಿ ಹೇಳಿ’ ಎಂದು ಒಪ್ಪಿಸಿದಾಗಲೇ ನನಗೆ ನಿಜವಾದ ಉತ್ತರಗಳು ಸಿಕ್ಕಿದ್ದು. ಗರ್ಭಿಣಿಯರನ್ನೂ, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರನ್ನೂ ಈ ಪ್ರಯೋಗಕ್ಕೆ ಒಳಪಡಿಸದೆ ಮೊದಲೇ ಕುಳಿತು ಮಾಡುವ ಕೆಲಸಕ್ಕೆ ಹಾಕುವುದು ಒಳ್ಳೆಯದು.

ಬೆಲೆ

ಬೆಲೆಯನ್ನು ಚದರ ಅಡಿಯ ಲೆಕ್ಕದಲ್ಲಿ ನೋಡದೆ ತಿಂಗಳ ಲೆಕ್ಕದಲ್ಲಿ ನೋಡಿ. 900 ರೂಪಾಯಿಯ ಮ್ಯಾಟ್ ಆರು ತಿಂಗಳಿಗೆ ಚಪ್ಪಟೆಯಾದರೆ ತಿಂಗಳಿಗೆ 150 ರೂಪಾಯಿ. 3,600 ರೂಪಾಯಿಯ ಮ್ಯಾಟ್ ಮೂರು ವರ್ಷ ಬಾಳಿದರೆ ತಿಂಗಳಿಗೆ 100 ರೂಪಾಯಿ. ಇದು ಲೆಕ್ಕದ ರೀತಿ ತೋರಿಸಲು ಕೊಟ್ಟ ಉದಾಹರಣೆಯಷ್ಟೇ, ಪೇಟೆಯ ದರವನ್ನು ನೀವೇ ವಿಚಾರಿಸಬೇಕು. ಬೆಂಗಳೂರಿನಿಂದ ತರಿಸುವುದಾದರೆ ಲಾರಿ ಬಾಡಿಗೆಯನ್ನೂ ಸೇರಿಸಿ, ರಬ್ಬರಿಗೆ ತೂಕ ಹೆಚ್ಚು. ಬಿಲ್ಲಿನಲ್ಲಿ ಬರೀ ‘ರಬ್ಬರ್ ಮ್ಯಾಟ್’ ಎಂದು ಬರೆಸಿಕೊಳ್ಳದೆ ವಸ್ತು, ದಪ್ಪ, ಕುಗ್ಗಿದರೆ ಬದಲಿಸಿಕೊಡುವ ಅವಧಿ, ಇವು ಮೂರನ್ನೂ ಬರೆಸಿಕೊಳ್ಳಬೇಕು.

ಹಾಸಿದ ಮೇಲೆ

ಹಾಸುವ ಮುನ್ನ ನೆಲವನ್ನು ತೊಳೆದು ಪೂರ್ತಿ ಒಣಗಿಸಿ. ಸುರುಳಿಯಾಗಿ ಬಂದ ಮ್ಯಾಟನ್ನು ಅಡಿಮೇಲು ಮಾಡಿ ಹರಡಿ, ಬಿಸಿಲಿಲ್ಲದ ಜಾಗದಲ್ಲಿ ಒಂದು ದಿನ ಬಿಟ್ಟರೆ ಅಂಚುಗಳು ಮಟ್ಟಸವಾಗುತ್ತವೆ. ಅಂಟು ಹಾಕಿ ನೆಲಕ್ಕೆ ಕೂರಿಸಬೇಡಿ, ಅಡಿಯನ್ನು ಮತ್ತೆ ನೋಡಲಾಗುವುದಿಲ್ಲ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ನೆಲವೇ ಬೆವರುವುದರಿಂದ ಒಣ ಜಾಗದ ಮ್ಯಾಟ್‌ಗಳನ್ನೂ ವಾರಕ್ಕೆರಡು ಬಾರಿ ಎತ್ತಿ ನಿಲ್ಲಿಸಿ, ಅಡಿಯನ್ನು ಒರೆಸಿ, ಫ್ಯಾನಿನ ಗಾಳಿಗೆ ಬಿಡಬೇಕು. ಬಿಸಿಲಿಗೆ ಹಾಕುವ ಅಭ್ಯಾಸ ಬೇಡ, ರಬ್ಬರ್ ಬಿರುಕು ಬಿಡುತ್ತದೆ. ಕೆಸರಿನ ಗಮ್‌ಬೂಟಿನಲ್ಲಿ ಬರುವವರಿಗೆ ಬಾಗಿಲಲ್ಲೇ ಕಾಲೊರಸು ಮತ್ತು ನೀರಿನ ವ್ಯವಸ್ಥೆ ಇರಲಿ.

ಪ್ರತಿ ಮ್ಯಾಟಿನ ಅಡಿಯಲ್ಲಿ ಹಾಸಿದ ತಿಂಗಳು ಮತ್ತು ವರ್ಷವನ್ನು ಪೇಂಟಿನಲ್ಲಿ ಬರೆದು, ಮೂರು ತಿಂಗಳಿಗೊಮ್ಮೆ ಪಾದ ಇಡುವ ಜಾಗದ ದಪ್ಪವನ್ನೂ ಯಾರೂ ತುಳಿಯದ ಮೂಲೆಯ ದಪ್ಪವನ್ನೂ ಅಳೆದು ನೋಡಿ. ಎರಡಕ್ಕೂ ಕಾಲು ಭಾಗದಷ್ಟು ವ್ಯತ್ಯಾಸ ಬಂದರೆ ನಾನು ಬದಲಿಸಿಬಿಡುತ್ತೇನೆ; ಅಂಚು ಮೇಲಕ್ಕೆ ಸುರುಳಿದರೆ ಅಥವಾ ಹರಿದರೆ ಅಳತೆಗೂ ಕಾಯದೆ ಅಂದೇ ತೆಗೆಯುತ್ತೇನೆ. ತೆಗೆದ ಮ್ಯಾಟ್‌ಗಳನ್ನು ತೋಟದ ಮೂಲೆಯಲ್ಲಿ ಸುಡುವುದು ನಮ್ಮಲ್ಲಿ ಸಾಮಾನ್ಯ, ಅದನ್ನು ಮಾಡಬಾರದು. ವಿನೈಲ್ ಸುಟ್ಟರೆ ಕಣ್ಣು ಗಂಟಲು ಉರಿಸುವ ಆಮ್ಲದ ಹೊಗೆ ಬರುತ್ತದೆ, ರಬ್ಬರಿನ ಹೊಗೆಯೂ ಅದಕ್ಕಿಂತ ಮೇಲಲ್ಲ. ರಬ್ಬರ್ ಮ್ಯಾಟ್‌ಗಳನ್ನು ಗುಜರಿಯವರು ಕೊಳ್ಳುತ್ತಾರೋ ಎಂದು ವಿಚಾರಿಸಿ, ಗಟ್ಟಿಯಾಗಿರುವ ಭಾಗಗಳನ್ನು ಕತ್ತರಿಸಿ ಜನರೇಟರ್ ಕೆಳಗೋ ನೀರಿನ ಡ್ರಮ್ಮಿನ ಕೆಳಗೋ ಹಾಕಿ. ಕಾಫಿ ಚೀಲಗಳ ಅಡಿಗೆ ಮಾತ್ರ ಬೇಡ, ಅಲ್ಲಿಗೆ ಮರದ ಹಲಗೆಯೇ ಸರಿ.